ಸೋಫಾ ದೊಡ್ಡಪ್ಪನ ಹೂಂ

ನನ್ನ ದೊಡ್ಡಪ್ಪನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತು, ಅವರೊಬ್ಬರನ್ನು ಬಿಟ್ಟು. ಪೂರ್ತಿ ಕಿವುಡರೇನಲ್ಲ. ಲಾರಿಯ ಹಾರ್ನ್ ಕೇಳಿಸುತ್ತದೆ, ಎದುರಿಗೆ ನಿಂತು ಗಂಟಲು ಹರಿದುಕೊಂಡರೆ ಕೇಳಿಸುತ್ತದೆ, ಯಾರಾದರೂ ತಮ್ಮನ್ನು ಹೊಗಳಿದರೆ ಪಕ್ಕದ ಕೋಣೆಯಿಂದಲೂ ಕೇಳಿಸುತ್ತದೆ. ಉಳಿದ ಎಲ್ಲ ಮಾತಿಗೂ ಅವರದು ಒಂದೇ ಉತ್ತರ: "ಹೂಂ."

ಈ ಹೂಂ ಸಾಮಾನ್ಯದ್ದಲ್ಲ. ತಲೆಯನ್ನು ತುಸು ವಾಲಿಸಿ, ಕಣ್ಣು ಅರೆ ಮುಚ್ಚಿ, ಎಲ್ಲವನ್ನೂ ತೂಗಿ ನೋಡಿ ಒಪ್ಪಿದವರ ಹಾಗೆ ಹೇಳುತ್ತಾರೆ. ಹೊಸಬರು ಇದಕ್ಕೆ ಮರುಳಾಗುತ್ತಾರೆ. "ನಿಮ್ಮ ದೊಡ್ಡಪ್ಪನಷ್ಟು ತಾಳ್ಮೆಯಿಂದ ಕೇಳೋರನ್ನ ನಾನು ನೋಡೇ ಇಲ್ಲ" ಎಂದು ಎಷ್ಟು ಜನ ನನ್ನ ಹತ್ತಿರ ಹೇಳಿಲ್ಲ. ಕೇಳುವ ಗೋಜಿಗೇ ಹೋಗದವರಿಗೆ ತಾಳ್ಮೆಗೇನು ಕೊರತೆ?

ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ, "ದೊಡ್ಡಪ್ಪ, ಒಂದ್ಸಲ ಕಿವಿ ತೋರಿಸ್ಬಾರ್ದಾ?" ಎಂದು. ಅವರು ತಮ್ಮ ಸಿದ್ಧಾಂತ ಬಿಚ್ಚಿದರು. "ನನ್ನ ಕಿವಿಗೇನಾಗಿದೆ? ಈಗಿನವರು ಬಾಯಿ ತೆಗೆಯಲ್ಲ. ಎಲ್ಲಾ ಒಳಗೊಳಗೇ ಮಾತಾಡ್ತಾರೆ. ನಿಮ್ಮಜ್ಜಿ ಮಾತಾಡಿದ್ರೆ ಮೂರು ಮನೆಗೆ ಕೇಳಿಸ್ತಿತ್ತು." ಅಂದರೆ ಊರೇ ಬಾಯಿ ಮುಚ್ಚಿಕೊಂಡಿದೆ, ಅವರ ಕಿವಿ ಮಾತ್ರ ಮೊದಲಿನ ಹಾಗೇ ಇದೆ. ಅದಾದ ಮೇಲೆ ಆ ವಿಷಯವನ್ನು ನಾನು ಎತ್ತಲಿಲ್ಲ.

ಅವರ ಕಿವಿ ಹೋದದ್ದು ಕಸುಬಿನಿಂದ. ದೊಡ್ಡಪ್ಪ ಸೋಫಾ ಮಾಡುವವರು. ಹಳೆಯ ಸೋಫಾ ಬಿಚ್ಚಿ ಹೊಸ ಫೋಮ್ ಹಾಕುವುದು, ಸ್ಪ್ರಿಂಗ್ ಬಿಗಿಯುವುದು, ಬಟ್ಟೆ ಎಳೆದು ಪಿನ್ ಹೊಡೆಯುವುದು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಉದ್ದಕ್ಕೆ ರೈಲುಡಬ್ಬಿಯಂಥ ಅಂಗಡಿ. ಒಳಗೆ ಒಂದು ಮೂಲೆಯಲ್ಲಿ ಗಾಳಿ ತುಂಬುವ ಕಂಪ್ರೆಸರ್ ದಿನವಿಡೀ ಗುಡುಗುತ್ತದೆ, ಅದರ ಗಾಳಿಯಿಂದ ಪಿನ್ ಹೊಡೆಯುವ ಗನ್ನು ಟಪ್ ಟಪ್ ಎನ್ನುತ್ತದೆ. ಪಿನ್ನಿನ ಸಾಲು ನೆಟ್ಟಗೆ ಬರಬೇಕೆಂದು ದೊಡ್ಡಪ್ಪ ಕೆನ್ನೆಯನ್ನು ಮರಕ್ಕೆ ಒತ್ತಿಕೊಂಡು ನೋಡುತ್ತಾರೆ. ಗನ್ನು ಇರುವುದು ಕಿವಿಯ ಪಕ್ಕದಲ್ಲೇ. ಪ್ರಾಯದಿಂದ ಇದೇ ಅಭ್ಯಾಸ. ಪಿನ್ನಿನ ಸಾಲು ಇವತ್ತಿಗೂ ನೆಟ್ಟಗೇ ಇದೆ.

ಅವರು ಮಾಡಿಕೊಟ್ಟ ಸೋಫಾದಲ್ಲಿ ಊರಿನ ಅರ್ಧ ಜನ ಕೂತಿದ್ದಾರೆ. ಅವರ ಮನೆಯಲ್ಲಿ ಮಾತ್ರ ಸೋಫಾ ಇರಲಿಲ್ಲ. ಎರಡು ಪ್ಲಾಸ್ಟಿಕ್ ಕುರ್ಚಿ, ಬೆನ್ನು ಹರಿದ ಒಂದು ಬೆತ್ತದ ಕುರ್ಚಿ. ಮದುವೆಯಾದ ಹೊಸದರಲ್ಲಿ ದೊಡ್ಡಮ್ಮ ಕೇಳಿದ್ದರಂತೆ. "ಈ ಆರ್ಡರ್ ಮುಗೀಲಿ" ಎಂದಿದ್ದರಂತೆ ದೊಡ್ಡಪ್ಪ. ಆರ್ಡರ್ ಇನ್ನೂ ಮುಗಿದಿಲ್ಲ ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ನಗಿಸಿ ನಗಿಸಿ ಆಸೆಯನ್ನೇ ಬಿಟ್ಟಿದ್ದರು.

ದೊಡ್ಡಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಬಂದವರ ಮೂಗಿಗೆ ಚೌಕಟ್ಟು ಕೂರಿಸಿ, ಕಿವಿಯ ಹಿಂದಿನ ಕಡ್ಡಿ ಬಗ್ಗಿಸಿ, "ಒತ್ತುತ್ತಾ? ಜಾರುತ್ತಾ?" ಎಂದು ಕೇಳುವುದು ಅವರ ಕೆಲಸ. ಆ ಕೆಲಸದ ನಿಜವಾದ ಸಂಬಳ ಬೇರೆಯೇ: ದಿನಕ್ಕೊಂದು ಕತೆ. ತಲೆಯ ಮೇಲೆ ಕನ್ನಡಕ ಏರಿಸಿಕೊಂಡು ಕನ್ನಡಕ ಕಳೆದುಹೋಗಿದೆ ಎಂದು ಬಂದವರು, ಹೊಸ ಕನ್ನಡಕ ಹಾಕಿ ಗಂಡನ ಮುಖ ನೋಡಿ "ಹಳೇದೇ ಚೆನ್ನಾಗಿತ್ತು" ಎಂದವರು. ಇವನ್ನೆಲ್ಲ ಸಂಜೆ ಮನೆಗೆ ತಂದು, ಗಂಡನ ಮುಂದೆ ಅಭಿನಯಿಸಿ ಹೇಳುವುದು ದೊಡ್ಡಮ್ಮನ ಸುಖ. ಚಿಕ್ಕವಳಿದ್ದಾಗ ನಾನೇ ನೋಡಿದ್ದೇನೆ, ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದನ್ನು. ಅವರಿಗೆ ಮಕ್ಕಳಿಲ್ಲ. ಆ ಮನೆಯಲ್ಲಿ ನಾನು ಅರ್ಧ ಮಗಳು, ಅರ್ಧ ತಲೆನೋವು.

ನಾನು ಇರುವುದು ಟ್ರಾವೆಲ್ ಆಫೀಸಿನಲ್ಲಿ. ಎರಡು ಮೇಜು, ಒಂದು ಪ್ಲಾಸ್ಟಿಕ್ ಗಿಡ, ಗೋಡೆಯ ಮೇಲೆ ಹಿಮದ ಬೆಟ್ಟದ ಚಿತ್ರ. ಬೇರೆಯವರ ರಜೆಯನ್ನು ಸಿದ್ಧ ಮಾಡಿ ಕಳಿಸುವುದು ನನ್ನ ಹೊಟ್ಟೆಪಾಡು. ಹಾಗಾಗಿ ರಜೆಯ ಹೆಸರೆತ್ತಿದರೆ ನನಗೆ ಮೈ ಉರಿಯುತ್ತದೆ. ಒಂದು ಮಧ್ಯಾಹ್ನ ದೊಡ್ಡಮ್ಮ ಬಂದು ಎದುರಿನ ಕುರ್ಚಿಯಲ್ಲಿ ಗಿರಾಕಿಯ ಹಾಗೆ ಕೂತರು.

"ನಮ್ಮಿಬ್ರಿಗೂ ಒಂದು ಪ್ರವಾಸ ಹಾಕ್ಕೊಡು. ಸ್ಕೂಬಾ."

ನಾನು ನೀರು ಕುಡಿಯುತ್ತಿದ್ದೆ, ಕೆಮ್ಮು ಬಂತು. "ಸ್ಕೂಬಾ ಅಂದ್ರೆ ಸಮುದ್ರದೊಳಗೆ ಮುಳುಗೋದು ದೊಡ್ಡಮ್ಮ."

"ಗೊತ್ತು ಕಣೇ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ಮುಳುಗೋದು. ನಮ್ಮಂಗಡಿಗೆ ಒಬ್ರು ಬಂದಿದ್ರು, ಮುಳುಗೋ ಮಾಸ್ಕಿಗೆ ನಂಬರ್ ಗ್ಲಾಸ್ ಹಾಕಿಸ್ಕೊಳ್ಳೋಕೆ. ಎಲ್ಲಾ ಹೇಳಿದ್ರು. ಹೊಸಬರಿಗೂ ಆಗುತ್ತಂತೆ, ಈಜು ಬರ್ಬೇಕು ಅಂತಾನೂ ಇಲ್ವಂತೆ, ಪಕ್ಕದಲ್ಲಿ ಕಲಿಸೋರು ಕೈ ಹಿಡ್ಕೊಂಡೇ ಇರ್ತಾರಂತೆ."

"ಮೀನು ನೋಡ್ಬೇಕು ಅಂದ್ರೆ ಗಾಜಿನ ತೊಟ್ಟಿ ಇದೆಯಲ್ಲ, ಟಿಕೆಟ್ ತಗೊಂಡು ನೋಡ್ಕೊಂಡು ಬರ್ಬಹುದು."

ದೊಡ್ಡಮ್ಮ ಸ್ವಲ್ಪ ಹೊತ್ತು ನನ್ನ ಮೇಜಿನ ಮೇಲಿದ್ದ ಪೆನ್ನುಗಳನ್ನು ಸಾಲಾಗಿ ಜೋಡಿಸಿದರು. "ಅಲ್ಲಿ ಕೆಳಗೆ ಯಾರೂ ಮಾತಾಡೋಕಾಗಲ್ವಂತೆ. ಎಷ್ಟೇ ಒಳ್ಳೆ ಕಿವಿ ಇರ್ಲಿ, ಎಲ್ರೂ ಕೈಯಲ್ಲೇ ಮಾತಾಡ್ಬೇಕಂತೆ. ನಿಮ್ಮ ದೊಡ್ಡಪ್ಪನಿಗೆ ಈಚೆಗೆ ನಾನು ದೊಡ್ಡ ವಿಷಯ ಮಾತ್ರ ಹೇಳ್ತೀನಿ. ನೀರು ಬಂತು, ಗ್ಯಾಸ್ ಮುಗೀತು, ಯಾರೋ ತೀರ್ಕೊಂಡ್ರು. ಸಣ್ಣ ವಿಷಯನ ಕೂಗಿ ಹೇಳೋಕಾಗಲ್ಲ ಕಣೇ. ಕೂಗಿದ್ರೆ ಅದು ಸಣ್ಣದಾಗಿ ಉಳಿಯಲ್ಲ. ನಾನು ದಿನಾ ಆಡ್ತಿದ್ದಿದ್ದು ಸಣ್ಣ ಮಾತೇ. ಅದೆಲ್ಲ ನಿಂತು ಹೋಯ್ತು."

"ದೊಡ್ಡಪ್ಪ ಒಪ್ಪಿದ್ದಾರಾ?" ಎಂದಷ್ಟೇ ಕೇಳಿದೆ.

"ಹೂಂ ಅಂದ್ರು."

ಆ ಹೂಂ ಎಂಬುದರ ಬೆಲೆ ಗೊತ್ತಿದ್ದ ನಾನು ಮರುದಿನವೇ ಅಂಗಡಿಗೆ ಹೋದೆ. ಖುದ್ದಾಗಿ ಕೇಳಿಬಿಡೋಣ, ಆಮೇಲೆ ಎಡವಟ್ಟಾಗುವುದು ಬೇಡ ಎಂದು. ಕಂಪ್ರೆಸರ್ ಗುಡುಗುತ್ತಿತ್ತು. ದೊಡ್ಡಪ್ಪ ಒಂದು ಮಂಚದಷ್ಟು ಉದ್ದದ ಸೋಫಾದ ಹೊಟ್ಟೆ ಸೀಳಿ ಹತ್ತಿ ಹೊರಗೆಳೆಯುತ್ತಿದ್ದರು.

"ದೊಡ್ಡಪ್ಪ, ದೊಡ್ಡಮ್ಮ ಸ್ಕೂಬಾ ವಿಷಯ ಹೇಳಿದ್ರಲ್ಲ, ನಿಮಗೆ ನಿಜವಾಗ್ಲೂ ಒಪ್ಪಿಗೆನಾ?" ಎಂದು ಕೂಗಿದೆ.

"ಹೂಂ," ಎಂದರು. ಆಮೇಲೆ, ನನಗೆ ಆಶ್ಚರ್ಯವಾಗುವ ಹಾಗೆ, ಮುಂದುವರಿಸಿದರು. "ಪಾಪ, ಎಷ್ಟು ವರ್ಷದ ಆಸೆ ಅವಳದ್ದು. ನಾನೇ ಮುಂಚೆ ಮಾಡ್ಬೇಕಿತ್ತು. ಈ ಸಲ ಮಾಡೇ ಬಿಡೋದು."

"ಆಳದ್ದು ಹೇಗೆ? ಹೊಸಬರಿಗೆ ಕಮ್ಮಿನೇ ಒಳ್ಳೇದು ಅಂತಾರೆ."

"ಆಳ ಜಾಸ್ತಿ ಬೇಡವೇ ಬೇಡ. ಈ ವಯಸ್ಸಲ್ಲಿ ಆಳಕ್ಕೆ ಹೋದ್ರೆ ಮೇಲೇಳೋಕೆ ಕಷ್ಟ."

ಎಷ್ಟು ತಿಳಿದುಕೊಂಡಿದ್ದಾರೆ ಎಂದು ನನಗೆ ಹೆಮ್ಮೆಯಾಯಿತು. "ಗಾಳಿ ವಿಷಯ ಏನೂ ಭಯ ಇಲ್ವಾ?"

"ಗಾಳಿನೇ ಮುಖ್ಯ ಕಣೇ. ಗಾಳಿ ಸರಿಯಾಗಿ ಆಡ್ಲಿಲ್ಲ ಅಂದ್ರೆ ಹತ್ತು ನಿಮಿಷ ಇರೋಕಾಗಲ್ಲ, ಬೆವರು ಕಿತ್ಕೊಂಡು ಬರುತ್ತೆ."

ಬೆವರು ಎಂಬ ಮಾತಿಗೆ ನಾನು ನಿಲ್ಲಬೇಕಿತ್ತು. ನೀರಿನೊಳಗೆ ಯಾರು ಬೆವರುತ್ತಾರೆ? ನಿಲ್ಲಲಿಲ್ಲ. "ನಿಮ್ಮಿಬ್ರಿಗೇ ತಾನೆ? ಇನ್ಯಾರಾದ್ರೂ ಸೇರ್ಕೊಳ್ತಾರಾ?"

"ಇಬ್ರಿಗೇ. ಮೂರು ಜನ ಆದ್ರೆ ಮಧ್ಯದವರಿಗೆ ಯಾವತ್ತೂ ಸುಖ ಇಲ್ಲ. ಅಂದ ಹಾಗೆ, ಬಣ್ಣ ಯಾವುದು ಅಂದ್ಲು ನಿಮ್ಮ ದೊಡ್ಡಮ್ಮ?"

ಸಮುದ್ರದ ಬಣ್ಣ ಕೇಳುತ್ತಿದ್ದಾರೆ, ಈ ವಯಸ್ಸಿನಲ್ಲಿ ಎಂಥ ರಸಿಕತನ ಎಂದುಕೊಂಡು, ಅವರ ಕಿವಿಗೇ ಬಾಯಿ ಇಟ್ಟು ಹೇಳಿದೆ: "ತಿಳಿ ನೀಲಿ!"

"ಹೂಂ," ಎಂದು ದೊಡ್ಡಪ್ಪ ಗೋಡೆಯ ಮೇಲೆ ಪೆನ್ಸಿಲಿನಿಂದ ಗೀಚಿಕೊಂಡರು.

ನಾನು ಹುರುಪಿನಿಂದ ಕೆಲಸ ಶುರು ಮಾಡಿದೆ. ನಮ್ಮೂರಿನ ಈಜುಕೊಳದಲ್ಲಿ ಮುಳುಗು ಕಲಿಸುವ ಒಬ್ಬಳಿದ್ದಾಳೆ, ಕುತ್ತಿಗೆಯಲ್ಲಿ ಯಾವಾಗಲೂ ಸೀಟಿ ತೂಗುವುದರಿಂದ ಎಲ್ಲರಿಗೂ ಸೀಟಿ ಮೇಡಂ. ಸಮುದ್ರ ಶಾಂತವಾಗಿರುವ ತಿಂಗಳುಗಳಲ್ಲಿ ಅವಳೇ ಜನರನ್ನು ಕರೆದುಕೊಂಡು ಹೋಗುತ್ತಾಳೆ. ಅವಳ ಹತ್ತಿರ ಕೂತು ಎಲ್ಲ ಗೊತ್ತು ಮಾಡಿಕೊಂಡೆ. ಮೊದಲು ಕೊಳದಲ್ಲಿ ಪಾಠ, ಅದರಲ್ಲಿ ಪಾಸಾದರೆ ಸಮುದ್ರ. ಅಲೆ ಕಡಿಮೆ ಇರುವ ಒಂದು ಕೊಲ್ಲಿ, ಅಲ್ಲಿ ನೆಲ ನಿಧಾನವಾಗಿ ಇಳಿಯುತ್ತದೆ. ಬೆಳಗಿನ ಹೊತ್ತು ಮುಳುಗು, ಮಧ್ಯಾಹ್ನ ನಿದ್ದೆ. ಮುಳುಗಿ ಬಂದವರು ಮರುದಿನದವರೆಗೆ ವಿಮಾನ ಹತ್ತುವಂತಿಲ್ಲವಂತೆ. ಇವರು ಹೋಗುವುದು ರೈಲಿನಲ್ಲಿ, ಆ ಚಿಂತೆ ಇಲ್ಲ. ಶೀತ ಆಗಿದ್ದರೆ ಇಳಿಯಬಾರದು, ಕಿವಿ ಕಟ್ಟಿಕೊಳ್ಳುತ್ತದೆ. ಇಳಿಯುವ ಮುಂಚೆ ಇಬ್ಬರೂ ಕಿವಿಯ ಡಾಕ್ಟರಿಗೆ ತೋರಿಸಿ ಬರಬೇಕು. ಈ ಕೊನೆಯದು ದೊಡ್ಡಪ್ಪನ ಹತ್ತಿರ ನಡೆಯುವ ಮಾತಲ್ಲ. ಇರಲಿ, ಹೇಗೋ ಆಗುತ್ತದೆ ಎಂದುಕೊಂಡೆ.

ರೈಲಿನ ಟಿಕೆಟ್ ಹಿಡಿದುಕೊಂಡು ದೊಡ್ಡಪ್ಪನ ಮನೆಗೆ ಹೋದ ದಿನ ಬಾಗಿಲಲ್ಲಿ ಟೆಂಪೊ ನಿಂತಿತ್ತು. ಇಬ್ಬರು ಒಂದು ಸೋಫಾವನ್ನು ಓರೆ ಮಾಡಿ ಬಾಗಿಲಿನೊಳಗೆ ತೂರಿಸುತ್ತಿದ್ದರು. ಎರಡು ಜನ ಕೂರುವಂಥದ್ದು. ಸೀಟಿನ ಆಳ ಕಡಿಮೆ. ಗಾಳಿಯಾಡುವ ಹತ್ತಿ ಬಟ್ಟೆ. ಬಣ್ಣ ತಿಳಿ ನೀಲಿ.

ನನಗೆ ಅಲ್ಲೇ ಎಲ್ಲ ತಿಳಿದುಹೋಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ದೊಡ್ಡಮ್ಮ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. "ಯಾರ ಮನೇದು ರೀ ಇದು? ಇಲ್ಯಾಕೆ ಇಳಿಸ್ತಿದಾರೆ?"

"ನಿಂದೇ," ಎಂದರು ದೊಡ್ಡಪ್ಪ. ಮುಖದಲ್ಲಿ ಮದುವೆ ಗಂಡಿನ ಕಳೆ. "ನೀನೇ ಕೇಳಿದ್ಯಲ್ಲ, ಸೋಫಾ ಬೇಕು ಅಂತ."

ದೊಡ್ಡಮ್ಮ ನನ್ನ ಮುಖ ನೋಡಿದರು. ನಾನು ಟಿಕೆಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ, ಅದರಿಂದ ಏನುಪಯೋಗ ಎಂದು ನನಗೇ ಗೊತ್ತಿರಲಿಲ್ಲ. ಅವರು ಹೋಗಿ ಸೋಫಾದ ಮೇಲೆ ಕೂತರು. ಮೊದಲು ನಗು ಬಂತು. ನಗುತ್ತಾ ನಗುತ್ತಾ ಬಾಯಿಗೆ ಸೆರಗು ಒತ್ತಿಕೊಂಡರು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. "ಕೇಳಿದಾಗ ಕೊಡ್ಲಿಲ್ಲ," ಎಂದರು ಮೆಲ್ಲಗೆ. "ಬೇರೆ ಕೇಳಿದಾಗ ಇದನ್ನ ಕೊಟ್ರಿ."

"ಹೂಂ," ಎಂದರು ದೊಡ್ಡಪ್ಪ, ಸಂತೋಷದಿಂದ.

ಆ ಹೂಂ ಕೇಳಿ ನನಗೆ ತಡೆಯಲಾಗಲಿಲ್ಲ. ಅವರ ಎದುರಿಗೆ ನಿಂತು, ಬಾಯಿ ದೊಡ್ಡದು ಮಾಡಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಸೋಫಾ ಅಲ್ಲ, ಸ್ಕೂಬಾ. ಸಮುದ್ರ. ಮುಳುಗೋದು. ಟಿಕೆಟ್ ತೋರಿಸಿದೆ. ದೊಡ್ಡಪ್ಪನ ಮುಖ ಮೊದಲು ಸಪ್ಪಗಾಯಿತು, ಆಮೇಲೆ ಕೆಂಪಗಾಯಿತು. "ಹೇಳೋದಾದ್ರೆ ಬಾಯಿ ಬಿಟ್ಟು ಹೇಳ್ಬೇಕು. ಗುಣುಗುಣು ಅಂದ್ರೆ ಯಾರಿಗೆ ತಿಳಿಯುತ್ತೆ?" ಎಂದು ನನ್ನ ಮೇಲೆ ಹಾರಿದರು. ಟೆಂಪೊದವರು ಕಾಲುಕಿತ್ತರು.

"ಆಯ್ತು," ಎಂದರು ದೊಡ್ಡಮ್ಮ, ಕಣ್ಣೊರೆಸಿಕೊಂಡು, ಅಂಗಡಿಯಲ್ಲಿ ಗಿರಾಕಿಗಳನ್ನು ಕೇಳುವ ದನಿಯಲ್ಲಿ. "ಈಗ ಗೊತ್ತಾಯ್ತಲ್ಲ. ಬರ್ತೀರೋ, ಟಿಕೆಟ್ ವಾಪಸ್ ಮಾಡ್ಸೋದೋ?"

ದೊಡ್ಡಪ್ಪ ಸಿಕ್ಕಿಬಿದ್ದರು. ಬರುವುದಿಲ್ಲ ಎಂದರೆ ಅವತ್ತು ಹೂಂ ಅಂದಿದ್ದೇಕೆ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಕಿವಿಯಲ್ಲಿದೆ. "ಒಂದ್ಸಲ ಹೂಂ ಅಂದಿದ್ದೀನಿ ಅಂದ್ಮೇಲೆ ಮುಗೀತು," ಎಂದರು. "ನಾನು ಮಾತಿಗೆ ತಪ್ಪೋನಲ್ಲ." ತಮ್ಮ ಕಿವಿಯ ಮರ್ಯಾದೆ ಉಳಿಸಿಕೊಳ್ಳಲು ಮನುಷ್ಯ ಸಮುದ್ರಕ್ಕೆ ಹಾರಲು ತಯಾರಾದ.

ಡಾಕ್ಟರು ದೊಡ್ಡಪ್ಪನ ಕಿವಿಯೊಳಗೆ ದೀಪ ಬಿಟ್ಟು ನೋಡಿದರು, ಮೂಗು ಹಿಡಿದು ಗಾಳಿ ಊದಲು ಹೇಳಿದರು, ಹೆಡ್‌ಫೋನ್ ಹಾಕಿಸಿ ಏನೇನೋ ಸದ್ದು ಕೇಳಿಸಿದರು. ಆಮೇಲೆ ನಮ್ಮ ಮೂವರಿಗೂ ಹೇಳಿದರು: "ಕಿವಿ ತಮಟೆ ಚೆನ್ನಾಗಿದೆ, ನೀರಿಗೆ ಇಳೀಬಹುದು. ಆದ್ರೆ ಕೇಳಿಸೋದು ಬಹಳ ಕಮ್ಮಿ ಆಗಿದೆ. ಮಷೀನ್ ಹಾಕ್ಕೊಂಡ್ರೆ ಒಳ್ಳೇದು." ದೊಡ್ಡಪ್ಪ "ಹೂಂ" ಎಂದರು. ಮೆಟ್ಟಿಲಿಳಿಯುವಾಗಲೇ ಶುರುವಾಯಿತು: "ಕೇಳಿಸ್ಕೊಂಡ್ರಲ್ಲ? ಕಿವಿ ಚೆನ್ನಾಗಿದೆ ಅಂತ ಡಾಕ್ಟರೇ ಹೇಳಿದ್ರು." ಆ ವಾರವಿಡೀ ಓಣಿಯ ಅಂಗಡಿ ಅಂಗಡಿಗೂ ಈ ಸುದ್ದಿ ಮುಟ್ಟಿತು. ಕನ್ನಡಕ ಹಾಕಲು ನಾಚದ ಜನ ಕಿವಿಗೆ ಮಷೀನ್ ಹಾಕಲು ಯಾಕೆ ನಾಚುತ್ತಾರೆ ಎಂದು ದೊಡ್ಡಮ್ಮ ನನ್ನನ್ನು ಕೇಳಿದರು. ನನಗೇನು ಗೊತ್ತು, ನಾನು ಟಿಕೆಟ್ ಮಾಡಿಸುವವಳು.

ಕೊಳದ ಪಾಠಕ್ಕೆ ನಾನೂ ಹೋಗಿ ದಡದಲ್ಲಿ ಕೂತೆ. ಸೀಟಿ ಮೇಡಂ ಮೊದಲು ಕೈಭಾಷೆ ಕಲಿಸಿದಳು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಸರಿಯಿದೆ ಎಂದು ಅರ್ಥ. ಹೆಬ್ಬೆರಳು ಮೇಲೆ ಮಾಡಿದರೆ ಮೇಲಕ್ಕೆ ಹೋಗೋಣ ಎಂದು. ಅಂಗೈ ಅಡ್ಡ ಹಿಡಿದು ಆಚೀಚೆ ಅಲುಗಿಸಿದರೆ ಏನೋ ಸರಿಯಿಲ್ಲ ಎಂದು. ಅಲುಗಿಸಿ, ಎಲ್ಲಿ ಸರಿಯಿಲ್ಲವೋ ಅಲ್ಲಿಗೆ ಬೆರಳು ತೋರಿಸಬೇಕು. "ಅರ್ಥ ಆಗ್ದೇ ಇದ್ರೆ ಉಂಗುರ ತೋರಿಸ್ಬೇಡಿ," ಎಂದಳು. "ಅದೊಂದೇ ನನ್ನ ಕಾನೂನು."

"ಹೂಂ," ಎಂದರು ದೊಡ್ಡಪ್ಪ.

ದೊಡ್ಡಮ್ಮನ ಕಷ್ಟ ಬೇರೆ. ಅವರಿಗೆ ನೀರಿನೊಳಗೆ ಖುಷಿಯೋ ಖುಷಿ. ಖುಷಿಯಾದಾಗಲೆಲ್ಲ ಹೆಬ್ಬೆರಳು ಎತ್ತುತ್ತಾರೆ, ಸೀಟಿ ಮೇಡಂ ಅವರನ್ನು ಮೇಲಕ್ಕೆ ಎಳೆದು ತರುತ್ತಾಳೆ. "ಏನಾಯ್ತು?" "ಏನಿಲ್ಲ, ಚೆನ್ನಾಗಿದೆ ಅಂದೆ." ಮತ್ತೆ ಮುಳುಗು, ಮತ್ತೆ ಹೆಬ್ಬೆರಳು. ಕೊನೆಗೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಅದುಮಿಕೊಂಡು ಖುಷಿಪಡುವುದನ್ನು ಕಲಿತರು.

ದೊಡ್ಡಪ್ಪ ಮಾತ್ರ ಕೊಳದ ತಳದಲ್ಲಿ ಮಂಡಿಯೂರಿ ಕೂತು ಸಲೀಸಾಗಿ ಉಂಗುರ ತೋರಿಸುತ್ತಿದ್ದರು. ಉಸಿರು ಹೇಗಿದೆ? ಉಂಗುರ. ಮಂಡಿ ನೋವಾ? ಉಂಗುರ. ಇವರು ಹುಟ್ಟಿದ್ದೇ ನೀರಲ್ಲೇನೋ ಎಂದುಕೊಂಡೆ. ಆಗ ಸೀಟಿ ಮೇಡಂ ಅವರ ಮಾಸ್ಕಿನ ಹತ್ತಿರ ಮುಖ ತಂದು ನೋಡಿದಳು. ಮಾಸ್ಕಿನೊಳಗೆ ಹುಬ್ಬಿನವರೆಗೆ ನೀರು ತುಂಬಿತ್ತು. ಒಳಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ದೊಡ್ಡಪ್ಪ ಉಂಗುರ ತೋರಿಸುತ್ತಲೇ ಇದ್ದರು, ಯಾರು ಏನು ಕೇಳುತ್ತಿದ್ದಾರೆ ಎಂಬ ಗೊಡವೆಯೇ ಇಲ್ಲದೆ.

ಅವರನ್ನು ಮೇಲೆ ತಂದು, ಮಾಸ್ಕ್ ಬಿಚ್ಚಿ, ಸೀಟಿ ಮೇಡಂ ನೇರವಾಗಿ ಹೇಳಿದಳು. "ಸರ್, ನಿಮ್ಮ ಉಂಗುರವನ್ನ ನಾನು ನಂಬೋಕಾಗಲ್ಲ. ಕೆಳಗೆ ತೊಂದ್ರೆ ಆಗಿದ್ರೂ ನೀವು ಸರಿಯಿದೆ ಅಂತೀರಿ. ಮೇಡಂನ ನಾನು ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ. ನೀವು ದೋಣಿಯಲ್ಲೇ ಕೂತಿರಿ."

"ಆಗ್ಬಹುದು," ಎಂದರು ದೊಡ್ಡಪ್ಪ. ದನಿಯಲ್ಲಿ ನಿರಾಳ ಇತ್ತು, ಅದನ್ನು ಬಚ್ಚಿಡಲೂ ಇಲ್ಲ. "ನೀನು ಹೋಗಿ ಮೀನು ನೋಡ್ಕೊಂಡು ಬಾ. ಬಂದು ನಂಗೆ ಹೇಳು."

ದೊಡ್ಡಮ್ಮ ಸೊಂಟದವರೆಗಿನ ನೀರಿನಲ್ಲಿ ನಡೆದುಕೊಂಡು ಅವರ ಎದುರಿಗೆ ಬಂದರು. ಇಷ್ಟು ವರ್ಷ ಅವರು ಗಂಡನ ಮೇಲೆ ರೇಗಿದ್ದನ್ನು ನಾನು ನೋಡಿರಲಿಲ್ಲ. "ಹೇಳ್ಬೇಕಾ? ಹೇಳಿದ್ರೆ ನೀವು ಹೂಂ ಅಂತೀರಿ. ನಾನು ಮೀನು ನೋಡೋಕೆ ಹೋಗ್ತಿಲ್ಲ ರೀ. ನಿಮ್ಮ ಜೊತೆ ಮಾತಾಡೋಕೆ ಹೋಗ್ತಿದೀನಿ. ಮನೇಲಿ ಗೋಡೆ ಜೊತೆ ಮಾತಾಡಿ ಮಾತಾಡಿ ಸಾಕಾಗಿದೆ ನಂಗೆ."

ಕೊಳಕ್ಕೆ ಮೇಲೆ ಛಾವಣಿ ಇದ್ದುದರಿಂದ ಆ ಮಾತು ನಾಲ್ಕೂ ಗೋಡೆಗೆ ಬಡಿದು ವಾಪಸ್ ಬಂತು. ಆಚೆ ಕಡೆ ಈಜುತ್ತಿದ್ದವರು ತಿರುಗಿ ನೋಡಿದರು. ದೊಡ್ಡಪ್ಪನಿಗೂ ಕೇಳಿಸಿತು. ಅವರು ಹೂಂ ಎನ್ನಲಿಲ್ಲ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. "ಇನ್ನೊಂದ್ಸಲ ಪಾಠ ಮಾಡ್ತೀರಾ?" ಎಂದು ಸೀಟಿ ಮೇಡಂ ಹತ್ತಿರ ಕೇಳಿದರು.

ಮುಂದಿನ ಪಾಠ ಕೊಳದ ಆಳದ ಕಡೆಗೆ. ಆಳಕ್ಕೆ ಇಳಿದಂತೆ ಕಿವಿಯ ಮೇಲೆ ನೀರು ಒತ್ತುತ್ತದೆ, ಮೂಗು ಹಿಡಿದು ಊದದಿದ್ದರೆ ನೋಯುತ್ತದೆ. ನಾನು ದಡದಿಂದ ಬಗ್ಗಿ ನೋಡುತ್ತಿದ್ದೆ. ಸೀಟಿ ಮೇಡಂ ಉಂಗುರ ತೋರಿಸಿ ಕೇಳಿದಳು. ದೊಡ್ಡಪ್ಪನ ಕೈ ಹಳೆಯ ಚಾಳಿಯಂತೆ ಮೇಲೆದ್ದಿತು, ಬೆರಳುಗಳು ಸೇರತೊಡಗಿದವು. ಅಲ್ಲೇ ನಿಂತವು. ದೊಡ್ಡಮ್ಮ ಪಕ್ಕದಲ್ಲಿ ತೇಲುತ್ತಾ ಅವರನ್ನೇ ನೋಡುತ್ತಿದ್ದರು. ಆ ಕೈ ನಿಧಾನವಾಗಿ ಅಂಗೈಯಾಗಿ ಬಿಚ್ಚಿಕೊಂಡು ಆಚೀಚೆ ಅಲುಗಿತು. ಆಮೇಲೆ ತೋರುಬೆರಳು ಕಿವಿಗೆ ಹೋಯಿತು.

ಸೀಟಿ ಮೇಡಂ ಅವರನ್ನು ಒಂದಿಷ್ಟು ಮೇಲೆ ತಂದು, ಊದಿಸಿ, ಮತ್ತೆ ಇಳಿಸಿದಳು. ಹೊರಗೆ ಬಂದ ಮೇಲೆ ಬೆನ್ನು ತಟ್ಟಿ, "ಸರ್, ಇವತ್ತು ಪಾಸ್," ಎಂದಳು. ದೊಡ್ಡಪ್ಪ ಟವಲು ಹೊದ್ದುಕೊಂಡು ನನಗೆ ವಿವರಿಸಿದರು. "ನೀರಲ್ಲಿ ಮಾತ್ರ ಕಣೇ. ನೀರಿನ ಒತ್ತಡಕ್ಕೆ ಯಾರಿಗಾದ್ರೂ ಹಾಗಾಗುತ್ತೆ. ಹೊರಗೆ ನನ್ನ ಕಿವಿ ಚೆನ್ನಾಗಿದೆ, ಡಾಕ್ಟರೇ ಹೇಳಿದ್ದಾರೆ." ಈ ಮನುಷ್ಯ ಸುಧಾರಿಸುವುದಿಲ್ಲ ಎಂದು ನಾನು ಕೈ ಚೆಲ್ಲಿದೆ.

ಅವರು ಹೋದರು. ನಾನು ಜೊತೆಗೆ ಹೋಗಲಿಲ್ಲ, ಗಂಡ ಹೆಂಡತಿ ನಡುವೆ ನನ್ನದೇನು ಕೆಲಸ? ದೊಡ್ಡಮ್ಮ ಒಂದು ಫೋಟೊ ಕಳಿಸಿದರು. ನೀಲಿ ನೀರಿನಲ್ಲಿ ಮಾಸ್ಕ್ ಹಾಕಿದ ಎರಡು ಮುಖ, ಯಾರು ಯಾರೆಂದು ಗೊತ್ತಾಗುವುದು ಕಷ್ಟ. ಒಬ್ಬರು ಇನ್ನೊಬ್ಬರ ತೋಳು ಹಿಡಿದು ಏನನ್ನೋ ತೋರಿಸುತ್ತಿದ್ದರು. ತೋರಿಸಿದ್ದು ಏನು ಎಂದು ಕೇಳಿದರೆ, ದೊಡ್ಡಮ್ಮ ಫೋನಿನಲ್ಲಿ, "ಅಯ್ಯೋ, ಎಷ್ಟು ಮಾತಾಡಿದ್ವಿ ಅಂತೀಯಾ. ಒಂದು ಮೀನು ಥೇಟ್ ನಮ್ಮ ಅಂಗಡಿ ಮಾಲೀಕರ ಥರ ಮೂತಿ ಮಾಡ್ಕೊಂಡಿತ್ತು. ನಾನು ಅವರ ನಡಿಗೆ ಮಾಡಿ ತೋರಿಸ್ದೆ, ಇವರು ನೀರೊಳಗೇ ನಕ್ಕುಬಿಟ್ರು, ಮಾಸ್ಕಿಗೆಲ್ಲ ನೀರು," ಎಂದರು. ಆಮೇಲೆ ದನಿ ಇಳಿಯಿತು. "ದೋಣಿ ಹತ್ತಿದ ಮೇಲೆ ಮತ್ತೆ ಹೂಂ ಶುರು ಆಯ್ತು ಕಣೇ. ಇರ್ಲಿ ಬಿಡು. ಇಷ್ಟಾದ್ರೂ ಆಯ್ತಲ್ಲ."

ಇಷ್ಟಾದರೂ ಆಯಿತಲ್ಲ ಎಂಬ ಮಾತು ನನಗೆ ಹಿಡಿಸಲಿಲ್ಲ. ಸಮುದ್ರದ ತಳದಲ್ಲಿ ಸಿಕ್ಕ ಗಂಡನನ್ನು ಸಮುದ್ರದ ತಳದಲ್ಲೇ ಬಿಟ್ಟು ಬರುವುದಾದರೆ ಇಷ್ಟೆಲ್ಲ ಒದ್ದಾಡಿದ್ದು ಯಾಕೆ?

ವಾಪಸ್ ಬಂದ ದಿನ ಅವರನ್ನು ಸ್ಟೇಷನ್ನಿನಿಂದ ಕರೆತರಲು ನನ್ನ ಹಳೆಯ ಕಾರು ತೆಗೆದುಕೊಂಡು ಹೋದೆ. ಅದರ ಏಸಿ ಕೆಟ್ಟು ಕಾಲವಾಗಿದೆ, ಹಾಗಾಗಿ ಕಿಟಕಿಗಳೆಲ್ಲ ತೆರೆದಿದ್ದವು, ಊರಿನ ಗದ್ದಲವೆಲ್ಲ ಒಳಗೆ. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಮೂಗಿನ ಮೇಲೆ ಮಾಸ್ಕಿನ ಗುರುತು ಇನ್ನೂ ಇತ್ತು. ಮಾರುಕಟ್ಟೆಯ ಸಿಗ್ನಲ್ಲಿನಲ್ಲಿ ನಿಂತೆವು. ದೊಡ್ಡಮ್ಮ ಕಿಟಕಿಯಿಂದ ಹೊರಗೆ ನೋಡುತ್ತಾ, ತಮ್ಮಷ್ಟಕ್ಕೇ ಎನ್ನುವ ಹಾಗೆ ಒಂದು ಮಾತು ಆಡಿದರು. ನನಗೇ ಅರ್ಧಂಬರ್ಧ ಕೇಳಿಸಿತು. ದೊಡ್ಡಪ್ಪನಿಗೆ ಕೇಳಿಸುವ ಪ್ರಶ್ನೆಯೇ ಇಲ್ಲ.

ಕನ್ನಡಿಯಲ್ಲಿ ನೋಡಿದೆ. ದೊಡ್ಡಪ್ಪ ತಲೆ ವಾಲಿಸಿದರು. ಕಣ್ಣು ಅರೆ ಮುಚ್ಚಿದರು. ಇನ್ನೇನು ಬಂತು ಎಂದುಕೊಂಡೆ. ಬರಲಿಲ್ಲ. ತುಟಿ ಮುಂದೆ ಬಂದು ಹಾಗೇ ನಿಂತಿತು. ಆಮೇಲೆ ತೊಡೆಯ ಮೇಲಿದ್ದ ಅವರ ಕೈ ಮೇಲೆ ಬಂತು. ಅಂಗೈ ಅಡ್ಡ ಹಿಡಿದು ಆಚೀಚೆ ಅಲುಗಿಸಿದರು. ಬೆರಳನ್ನು ಕಿವಿಗೆ ಮುಟ್ಟಿಸಿದರು.

ನಮ್ಮ ಸುತ್ತ ಆಟೊ, ಬಸ್ಸು, ಬೈಕು. ಒಂದು ಹನಿ ನೀರಿರಲಿಲ್ಲ.

ದೊಡ್ಡಮ್ಮ ಆ ಕೈಯನ್ನು ನೋಡಿದರು. ಏನಿಲ್ಲ ಬಿಡಿ ಎನ್ನಬಹುದಿತ್ತು, ಅಷ್ಟೇನೂ ದೊಡ್ಡ ಮಾತಾಗಿರಲಿಲ್ಲ ಅದು. ಅವರು ಸೀಟಿನಲ್ಲಿ ಪೂರ್ತಿ ತಿರುಗಿ, ಗಂಡನ ಗದ್ದ ಹಿಡಿದು ಮುಖವನ್ನು ತಮ್ಮ ಕಡೆ ಮಾಡಿಕೊಂಡು, ಕೂಗದೆ, ನಿಧಾನವಾಗಿ ಹೇಳಿದರು. "ಆ ಬಟ್ಟೆ ಅಂಗಡಿ ಗೊಂಬೆ ನೋಡಿ. ಎರಡೂ ಕಾಲಿಗೆ ಎಡಗಾಲಿನ ಶೂ ಹಾಕಿದ್ದಾರೆ."

ದೊಡ್ಡಪ್ಪ ಅವರ ಮೇಲೆ ಬಾಗಿ ಕಿಟಕಿಯಿಂದ ಹೊರಗೆ ಇಣುಕಿದರು. ನೋಡಿದರು. ಭುಜ ಕುಲುಕತೊಡಗಿತು, ಆಮೇಲೆ ಹೊಟ್ಟೆ. ನಾನು ಚಿಕ್ಕವಳಿದ್ದಾಗ ನೋಡಿದ್ದ ಅದೇ ನಗು. "ಪಾಪ, ಮನೆಗೆ ಹೋಗೋದು ಹೆಂಗೆ ಅದು," ಎಂದರು.

ಹಸಿರು ದೀಪ ಬಂದಿತ್ತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಹೊಡೆದುಕೊಳ್ಳಲಿ ಎಂದು ನಾನು ಗೇರಿನ ಮೇಲೆ ಕೈಯಿಟ್ಟು ಸುಮ್ಮನಿದ್ದೆ. ನಗು ನಿಂತ ಮೇಲೆ ದೊಡ್ಡಪ್ಪ ಹೆಂಡತಿಯ ಮುಖವನ್ನೇ ನೋಡುತ್ತಾ ಕೇಳಿದರು.

"ಇಷ್ಟು ದಿನ ಏನೇನು ಹೇಳಿದ್ದೆ, ನಾನು ಹೂಂ ಅಂದಿದ್ದು?"

"ಬಹಳ ಇದೆ ರೀ," ಎಂದರು ದೊಡ್ಡಮ್ಮ.

"ಒಂದೊಂದಾಗಿ ಹೇಳು."